ಮಗಳಿಗೆ ಹೊಸ ಬಟ್ಟೆ ತರಲಿಲ್ಲ, ತರುವುದೂ ಇಲ್ಲ

ಹಳೆಯ ಬಟ್ಟೆಯಲ್ಲಿ ಮಗು ಬೆಳೆಸುವವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ಬರೆಯುತ್ತಿರುವುದು ಇದೇ ಮೊದಲು, ಆದ್ದರಿಂದ ಎಲ್ಲವನ್ನೂ ಬಿಡಿಸಿ ಹೇಳುತ್ತೇನೆ. ಆಗ ಕಬ್ಬಿಣದ ಅದಿರಿಗೆ ಬಂಗಾರದ ಬೆಲೆ ಬಂದಿದ್ದ ಕಾಲ. ಹೊಸಪೇಟೆಯ ನಮ್ಮ ಓಣಿಯಲ್ಲಿ ಮನೆಗೊಂದು ಲಾರಿ ಬಂತು, ನಮಗೆ ಬರಲಿಲ್ಲ. ಬಂದಿದ್ದರೂ ಮೂರು ತಿಂಗಳಿಗೆ ಗಿಡ್ಡವಾಗುವ ಫ್ರಾಕಿಗೆ ನಾನು ದುಡ್ಡು ಸುರಿಯುತ್ತಿರಲಿಲ್ಲ.

ನಾದಿನಿ, ಅಂದರೆ ನನ್ನ ಗಂಡನ ತಂಗಿ, ಎರಡು ಲಾರಿಗಳ ಒಡತಿ, ಹೇಳಿಯೇಬಿಟ್ಟಳು: "ಅತ್ತಿಗಿ, ನನ್ನ ತಮ್ಮನ ಮದಿವ್ಯಾಗ ನಿಮ್ಮ ಕೂಸು ಹಳೇ ಬಟ್ಟಿ ಹಾಕ್ಕೊಂಡು ಬಂದ್ರ ಫೋಟೋದಾಗ ಕುಂದ್ರಸಂಗಿಲ್ಲ ನೋಡ್ರಿ."

"ಹಳೇದೇ ಹಾಕ್ತೀನಿ. ಫೋಟೋದಾಗೂ ಕುಂದ್ರಸ್ತೀನಿ" ಅಂದೆ.

೧. ಕುಂಚಿಗೆ

ಕುಂಚಿಗೆ ಎಂದರೆ ಕೂಸಿನ ತಲೆ ಮುಚ್ಚಿ ಬೆನ್ನ ಮೇಲೆ ಇಳಿಬೀಳುವ ಟೊಪ್ಪಿಗೆ. ಅತ್ತೆಯವರ ಹಳೆಯ ಸೀರೆಯಲ್ಲಿ ಹೊಲಿದೆ. ಕೇಳದೆ ಹರಿಯಲಿಲ್ಲ, ಅವರೇ ಕೊಟ್ಟದ್ದು. ನಾದಿನಿ ಮೂಗು ಮುರಿದಳು: "ಥೂ, ಹಳೇ ಸೀರಿ! ಯವ್ವಾ, ಸಣ್ಣಾಕಿದ್ದಾಗ ನನಗ ಹಿಂಗ ಹಾಕಿದ್ದೇನು?"

ಅತ್ತೆ ಎಲೆಗೆ ಸುಣ್ಣ ಹಚ್ಚುತ್ತಾ ಅಂದರು: "ಇಲ್ಲವ್ವಾ. ನಿನಗ ಸೀರಿ ಎಲ್ಲಿತ್ತು? ನಿಮ್ಮಪ್ಪನ ಧೋತ್ರ ಹರದು ಹೊಲದಿದ್ದೆ."

೨. ಮಡಿಕೆ

ಮದುವೆಗೆಂದು ಮಗಳಿಗೆ ಫ್ರಾಕು ಹೊಲಿಸಲು ನನ್ನ ಹಳೆಯ ಲಂಗ ಹಿಡಿದು ಟೈಲರ್ ಹತ್ತಿರ ಹೋದೆ. ಫ್ರಾಕಿನ ಅಂಚನ್ನು ಒಳಗೆ ಮಡಚಿ ಹೊಲಿದರೆ, ಮಗು ಬೆಳೆದಂತೆ ಬಿಚ್ಚಿ ಉದ್ದ ಮಾಡಬಹುದು.

"ಐದು ಮಡಿಕಿ ಬಿಡಪ್ಪ. ವರ್ಷಕ್ಕ ಒಂದು."

"ಐದಾ? ಅಕ್ಕಾ, ಆ ಭಾರಕ್ಕ ಕೂಸು ಎದ್ದು ನಿಂದ್ರಂಗಿಲ್ಲ!"

"ಇನ್ನೂ ನಿಂದ್ರಾಕ ಬರಂಗಿಲ್ಲ ಬಿಡು ಅದಕ್ಕ."

ಅವನು ಟೇಪನ್ನು ಕೊರಳಿಗೆ ಹಾಕಿಕೊಂಡು ಕೈ ಮುಗಿದ: "ಹಂಗಾರ ಇನ್ನೂ ಹದಿನೈದು ಜಾಸ್ತಿ ಬಿಡ್ತೀನ್ರಿ, ಆಕಿ ಮದಿವಿಗೂ ಬರ್ತೈತಿ."

೩. ಫೋಟೋ

ಮದುವೆ ಸಂಡೂರಿನಲ್ಲಿ. ಎಲ್ಲರೂ ಒಂದೇ ತೆರೆದ ಜೀಪಿನಲ್ಲಿ ಹೊರಟೆವು. ನಾದಿನಿಯ ಇಬ್ಬರು ಹೆಣ್ಣುಮಕ್ಕಳಿಗೆ ಬೆಂಗಳೂರಿನಿಂದ ತರಿಸಿದ ಅಚ್ಚ ಬಿಳಿ ಫ್ರಾಕು. ನನ್ನವಳದು ಇಟ್ಟಿಗೆ ಬಣ್ಣ. ಉಪಾಯವೇನಲ್ಲ, ಲಂಗದ ಬಣ್ಣವೇ ಅದಿತ್ತು.

ಮುಂದೆ ಒಂದು ಲಾರಿ, ಅದಿರು ಇಳಿಸಿ ಗಣಿಗೆ ಮರಳುವಂಥದ್ದು, ಧೂಳು ಕೊಡವುತ್ತಾ ಹೋಗುತ್ತಿತ್ತು. ಡ್ರೈವರ್ ದಾಟಲು ನೋಡಿದ.

"ಏ, ದಾಟಬ್ಯಾಡಪ್ಪ! ಅದು ನಮ್ಮ ಲಾರಿ. ಅದರ ಹಿಂದೇ ಹೋಗು, ಮಂದಿ ನೋಡ್ಲಿ!" ಅಂದಳು ನಾದಿನಿ.

ಸಂಡೂರು ಮುಟ್ಟುವಷ್ಟರಲ್ಲಿ ಬಿಳಿ ಫ್ರಾಕುಗಳು ಕೆಂಪು ಪಟ್ಟೆಪಟ್ಟೆಯಾಗಿದ್ದವು. ನನ್ನ ಮಗಳ ಮೇಲೂ ಅಷ್ಟೇ ಧೂಳಿತ್ತು, ಇಟ್ಟಿಗೆ ಬಣ್ಣದಲ್ಲಿ ಕಾಣಲಿಲ್ಲ, ಅಷ್ಟೇ.

ಫೋಟೋಗ್ರಾಫರ್ ಮಕ್ಕಳನ್ನೆಲ್ಲ ಒಮ್ಮೆ ನೋಡಿ, ನನ್ನ ಮಗಳನ್ನು ಎತ್ತಿ ಮದುಮಕ್ಕಳ ನಡುವೆ ಕೂರಿಸಿದ. ಆಮೇಲೆ ನಾದಿನಿಯ ಬಳಿ ಬಂದು ಮೆಲ್ಲಗೆ ಕೇಳಿದ:

"ಅಮ್ಮಾರ, ಮನಿ ಮದಿವಿ ಅಲ್ಲೇನ್ರಿ? ಉಳದ ಎರಡು ಕೂಸಿಗೂ ಇಂಥಾದ್ದೇ ಒಂದೊಂದು ಹೊಸಾ ಅಂಗಿ ತರಬಾರ್ದಿತ್ತಾ?"