ಮುಳ್ಳು ನಡುಮಧ್ಯ ಐತಿ

ನನ್ನನ್ನು ಕೊಲ್ಲಲು ಇದುವರೆಗೆ ಒಬ್ಬರೇ ಒಬ್ಬರು ಪ್ರಯತ್ನಪಟ್ಟಿದ್ದಾರೆ. ಅವರು ನನ್ನ ಹೆಂಡತಿಯ ತಂದೆ. ಬಳಸಿದ ಆಯುಧ, ನಾಲ್ಕು ಚಮಚ ಅರಿಶಿನ ಪುಡಿ! ನಗಬೇಡಿ. ಆಸ್ಪತ್ರೆಯ ಮಂಚದ ಮೇಲೆ ಮಲಗಿಕೊಂಡು ನೋಡಲು ಬಂದವರಿಗೆಲ್ಲ ಇದನ್ನೇ ಹೇಳಿದೆ. ಅವರೆಲ್ಲ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಮಾವ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಮೂವತ್ತೈದು ವರ್ಷ ಫಿಟ್ಟರ್ ಆಗಿದ್ದವರು. ಮೂಲ ದಾವಣಗೆರೆ ಕಡೆ. ಬೆಂಗಳೂರಿನ ಹೊಗೆ ಎದೆಗೆ ಇಳಿದರೂ ಬೆಂಗಳೂರಿನ ಮಾತು ನಾಲಿಗೆಗೆ ಏರಲಿಲ್ಲ. ಅತ್ತೆ ತೀರಿಕೊಂಡ ಮೇಲೆ ಹೂಡಿಯ ನಮ್ಮ ಫ್ಲ್ಯಾಟಿಗೆ ಬಂದರು. ಬರುವಾಗ ಒಂದು ಟ್ರಂಕು, ಒಂದು ವಿಭೂತಿ ಗಟ್ಟಿ, ಹದಿನೇಳು ವರ್ಷ ಹಳೆಯ ಒಂದು ಕಾರು ಜೊತೆಗೆ ತಂದರು. ಇಡೀ ಆಯುಷ್ಯ ಇನ್ನೊಬ್ಬರ ಯಂತ್ರಗಳಿಗೆ ಎಣ್ಣೆ ಬಿಟ್ಟವರಿಗೆ ಸ್ವಂತದ್ದು ಅಂತ ಇದ್ದ ಯಂತ್ರ ಅದೊಂದೇ. ಅದಕ್ಕೆ ಅವರು ತೋರಿಸುತ್ತಿದ್ದ ಅಕ್ಕರೆಯಲ್ಲಿ ಕಾಲು ಭಾಗ ಅಳಿಯನಿಗೆ ತೋರಿಸಿದ್ದರೆ ನಾನು ದಿನಾ ಅವರ ಕಾಲಿಗೆ ಬೀಳುತ್ತಿದ್ದೆ.

ಆ ಕಾರಿನಲ್ಲಿ ಕೂತು ನೋಡಬೇಕಿತ್ತು ನೀವು! ಇಂಜಿನ್ ಎಷ್ಟು ಬಿಸಿಯಾಗಿದೆ ಅಂತ ತೋರಿಸುವ ಒಂದು ಸಣ್ಣ ಮುಳ್ಳು ಸ್ಟಿಯರಿಂಗ್ ಹಿಂದೆ ಇರುತ್ತದಲ್ಲ, ಲೋಕದಲ್ಲಿ ಯಾರೂ ಅದನ್ನು ನೋಡುವುದಿಲ್ಲ. ಮಾವ ರಸ್ತೆಯನ್ನೇ ನೋಡುತ್ತಿರಲಿಲ್ಲ, ಅದನ್ನು ನೋಡುತ್ತಿದ್ದರು. ಐದು ನಿಮಿಷಕ್ಕೊಮ್ಮೆ ಪ್ರಕಟಣೆ: “ಮುಳ್ಳು ನಡುಮಧ್ಯ ಐತಿ.” ಮೆಟ್ರೋದಲ್ಲಿ ಮುಂದಿನ ನಿಲ್ದಾಣ ಹೇಳುವ ಹೆಂಗಸಿಗಾದರೂ ನಿಲ್ದಾಣಗಳ ನಡುವೆ ಬಿಡುವುಂಟು. ಇವರಿಗೆ ಅದೂ ಇಲ್ಲ.

ಆ ಮುಳ್ಳು ಕೂದಲೆಳೆಯಷ್ಟು ಮೇಲೇರಿತೋ, ಮುಗಿಯಿತು ಕಥೆ. ಗಾಡಿ ರಸ್ತೆ ಬದಿಗೆ, ಬಾನೆಟ್ ಮೇಲಕ್ಕೆ, ಮಾವನ ಕೈಗೆ ಪೇಪರ್. “ಅರ್ಧ ತಾಸು ಆರ್ಲಿ. ಜೀವ ಇದ್ದಂಗ ಅದು.” ನನ್ನ ತಮ್ಮನ ಮದುವೆಯ ಮುಹೂರ್ತವನ್ನು ನಾವು ಮಹದೇವಪುರದ ಒಂದು ಪಂಕ್ಚರ್ ಅಂಗಡಿಯ ಮುಂದೆ, ರೇಷ್ಮೆ ಪಂಚೆಯಲ್ಲಿ, ನಿಂತುಕೊಂಡು ಕಳೆದೆವು. ಅಕ್ಷತೆಯನ್ನು ಯಾರ ಮೇಲೆ ಹಾಕಲಿ? ಬಾನೆಟ್ ಮೇಲೆ ಹಾಕಲೇ ಎಂದು ಕೇಳಿದೆ. ಮಾವ ಪೇಪರಿನಿಂದ ತಲೆಯೆತ್ತದೆ, “ಬ್ಯಾಡ, ಪೇಂಟ್ ಹೋಗ್ತದ” ಎಂದರು. ನನ್ನ ತಮ್ಮ ಇವತ್ತಿಗೂ ಅದನ್ನು ಎತ್ತಿ ಆಡುತ್ತಾನೆ.

ನೀವು ಕೇಳಬಹುದು, ಇಷ್ಟೆಲ್ಲ ಸಹಿಸುವ ಬದಲು ನೀನೇ ಓಡಿಸಬಾರದೇ ಎಂದು. ನನಗೆ ಕಾರು ಓಡಿಸಲು ಬರುವುದಿಲ್ಲ. ಆಫೀಸಿನ ಕ್ಯಾಬು ಬರುತ್ತದೆ, ಹೊತ್ತೊಯ್ಯುತ್ತದೆ, ತಂದು ಎಸೆಯುತ್ತದೆ. ನನ್ನ ಈ ದೌರ್ಬಲ್ಯದ ಮೇಲೆಯೇ ಮಾವನ ಸಾಮ್ರಾಜ್ಯ ನಿಂತಿತ್ತು.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಪಾರ್ಕಿಂಗಿನಲ್ಲಿ ಕಾರಿನ ಕೆಳಗೆ ಹಸಿರು ನೀರು ಕಂಡಿತು. ಮಾವ ಮಂಡಿಯೂರಿ ಕೂತರು, ಬೆರಳಲ್ಲಿ ಅದ್ದಿದರು, ನಾಲಿಗೆಗೆ ಇಟ್ಟುಕೊಂಡರು!

“ಅಪ್ಪಾಜೀ, ಉಗೀರಿ! ವಿಷ ಅದು!” ನನ್ನ ಹೆಂಡತಿ ಬಾಲ್ಕನಿಯಿಂದ ಕಿರುಚಿದಳು.

“ಸೀ ಐತಿ,” ಅಂದರು ಮಾವ, ಪಾಯಸಕ್ಕೆ ಬೆಲ್ಲ ನೋಡಿದವರಂತೆ. “ಎ.ಸಿ. ನೀರಲ್ಲ. ಇಂಜಿನ್ ತಣ್ಣಗಿಡೋ ಕೂಲಂಟು. ರೇಡಿಯೇಟರ್ ತೂತು ಬಿದ್ದೈತಿ.”

ಮೆಕ್ಯಾನಿಕ್ಕಿಗೆ ತೋರಿಸೋಣ ಎಂದೆ. ಅವರ ಮುಖ ಕೆಂಪಾಯಿತು. “ಮೆಕ್ಯಾನಿಕ್ ಏನ್ ಮಾಡ್ತಾನ್ರೀ? ಬಿಚ್ತಾನ. ಬಿಚ್ಚಾಕ ಎಲ್ರಿಗೂ ಬರ್ತೈತಿ ಅಳಿಯಂದ್ರೇ.” ಹೀಗೆಂದು ಸೀದಾ ನಮ್ಮ ಅಡುಗೆಮನೆಗೆ ನಡೆದರು. ಅರಿಶಿನದ ಡಬ್ಬಿ ಹಿಡಿದು ಇಳಿದರು. ಕಾರ್ಖಾನೆಯ ಲಾರಿಗಳಿಗೆ ಹೀಗೇ ಮಾಡುತ್ತಿದ್ದರಂತೆ. ನೀರಿನ ಜೊತೆ ಅರಿಶಿನ ಹೋಗಿ ತೂತಿನಲ್ಲಿ ಕೂತು ಗಟ್ಟಿಯಾಗುತ್ತದಂತೆ. ಕೂಲಂಟ್ ತರುವ ಬದಲು ನಮ್ಮ ಟ್ಯಾಂಕರ್ ನೀರನ್ನೇ ಸುರಿದರು. ನಮ್ಮ ನಲ್ಲಿ, ಬಕೆಟ್ಟು, ಹೆಂಡತಿಯ ಕೂದಲು, ಎಲ್ಲಕ್ಕೂ ಬಿಳಿ ಸುಣ್ಣ ಬಳಿದ ಆ ಬೋರ್‌ವೆಲ್ ನೀರು! ಅರಿಶಿನ, ನೀರು, ಉರಿ ಎಲ್ಲ ಆಯಿತು, ಇನ್ನು ಇಂಗಿನ ಒಗ್ಗರಣೆಯೊಂದು ಬಾಕಿ ಎಂದೆ. ಯಾರೂ ನಗಲಿಲ್ಲ.

ಸಂಕಟದ ವಿಷಯವೆಂದರೆ, ಸೋರುವುದು ನಿಂತೇಬಿಟ್ಟಿತು! ಎರಡು ತಿಂಗಳು ಮಾವನದ್ದೇ ದರ್ಬಾರು. ಅಪಾರ್ಟ್‌ಮೆಂಟಿನವರೆಲ್ಲ ಬಂದು ಅರಿಶಿನದ ಅಳತೆ ಕೇಳಿಕೊಂಡು ಹೋದರು.

ಏಪ್ರಿಲ್‌ನ ಒಂದು ಭಾನುವಾರ, ಇಡ್ಲಿಯ ಮೂರನೆಯ ತುತ್ತಿಗೆ, ನನ್ನ ಎದೆಯ ಮೇಲೆ ಯಾರೋ ಅಕ್ಕಿ ಮೂಟೆ ಇಟ್ಟ ಹಾಗಾಯಿತು. ಎಡಗೈ ಜೋತುಬಿತ್ತು. ಬೆವರು. ಆಂಬುಲೆನ್ಸಿಗೆ ಫೋನು ಮಾಡಿದರೆ ರಿಂಗ್ ರೋಡಿನಲ್ಲಿ ಸಿಕ್ಕಿಕೊಂಡಿದೆ, ಮುಕ್ಕಾಲು ಗಂಟೆ ಬೇಕು ಎಂದರು. ಮಾವ ಕೀಲಿ ತೆಗೆದುಕೊಂಡು ಆಗಲೇ ಮೆಟ್ಟಿಲಿಳಿದಿದ್ದರು.

ಹಿಂದಿನ ಸೀಟಿನಲ್ಲಿ ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದೆ. ಹೂಡಿ ಸಿಗ್ನಲ್ ದಾಟುತ್ತಿದ್ದಂತೆ ಮುಂದೆ ಎಲ್ಲೋ ಟಪ್ ಎಂದಿತು. ಸ್ವಲ್ಪ ಹೊತ್ತಿಗೆ ಕಾರಿನೊಳಗೆ ಒಲೆಯ ಬಾಯಿಂದ ಬಂದಂಥ ಬಿಸಿಗಾಳಿ ಬೀಸತೊಡಗಿತು.

“ಅಪ್ಪಾಜಿ, ಎ.ಸಿ. ಹಾಕ್ರೀ! ಇವ್ರು ಬೆಂದು ಹೋಗ್ತಿದಾರೆ!”

“ಕಿಟಕಿ ಇಳಿಸವ್ವ,” ಅಂದರು ಮಾವ. ಅಷ್ಟೇ. ಸ್ವಲ್ಪ ದೂರ ಹೋದ ಮೇಲೆ, “ಮುಳ್ಳು ನಡುಮಧ್ಯ ಐತಿ.” ಇನ್ನೂ ಸ್ವಲ್ಪ ದೂರ. “ಹೆದರಬ್ಯಾಡ್ರಿ ಅಳಿಯಂದ್ರೇ, ಮುಳ್ಳು ನಡುಮಧ್ಯ ಐತಿ.”

ನಾನಿಲ್ಲಿ ಸಾಯುತ್ತಿದ್ದೇನೆ, ಈ ಮನುಷ್ಯನಿಗೆ ಮುಳ್ಳಿನ ಚಿಂತೆ! ಬದುಕಿದರೆ ಮೊದಲು ಆ ಮುಳ್ಳು ಕಿತ್ತು ಬಿಸಾಡುತ್ತೇನೆ ಎಂದು ಹಲ್ಲು ಕಚ್ಚಿದೆ.

ಆಸ್ಪತ್ರೆಯ ತುರ್ತು ಬಾಗಿಲಿನ ಇಳಿಜಾರು ಹತ್ತುವಾಗ ಕಾರು ಕಟಕಟನೆ ಅಲುಗಾಡಿ, ಬಾನೆಟ್ಟಿನಿಂದ ಹೊಗೆ ಬಿಟ್ಟು, ಸತ್ತೇಹೋಯಿತು. ಸೆಕ್ಯುರಿಟಿಯವನು ಬೆಂಕಿ ಆರಿಸುವ ಸಿಲಿಂಡರ್ ಹಿಡಿದು ಓಡಿ ಬಂದ. ಮೊದಲ ಚಿಕಿತ್ಸೆ ಕಾರಿಗಾಯಿತು. ಎರಡನೆಯದು ನನಗೆ.

ಸ್ಟೆಂಟ್ ಹಾಕಿದ ಡಾಕ್ಟರು, “ಇನ್ನು ಕಾಲು ಗಂಟೆ ತಡ ಆಗಿದ್ರೆ ನಾನೇನೂ ಮಾಡೋಕಾಗ್ತಿರ್ಲಿಲ್ಲ” ಎಂದರು. ನನ್ನ ರೋಷ ಅಲ್ಲಿಂದ ಶುರುವಾಯಿತು. ನೂರು ಅಡಿ ಮುಂಚೆ ಆ ಡಬ್ಬ ನಿಂತಿದ್ದರೆ? ಮನೆಗೆ ಬಂದವನೇ ಎಲ್ಲರೆದುರು ಕೇಳಿದೆ.

“ಮುಳ್ಳು ಮುಳ್ಳು ಅಂತ ಪ್ರಾಣ ತಿಂದ್ರಲ್ಲ ಮಾವ, ಬೇಕಾದ ದಿನ ನಿಮಗೆ ಅದು ಕಾಣಿಸಲಿಲ್ವಾ?”

ಮಾವ ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. “ಕಣ್ಣು ಮಂಜಾಗ್ಯಾವ್ರಿ. ಕಾಣ್ಲಿಲ್ಲ.”

“ಹಾಗಾದ್ರೆ ಕೀಲಿ ಕೊಡಿ. ಇನ್ಮೇಲೆ ನೀವು ಸ್ಟಿಯರಿಂಗ್ ಮುಟ್ಟಬೇಡಿ.”

ಕೊಟ್ಟರು. ಅಂದಿನಿಂದ ದಿನಾ ಬೆಳಗ್ಗೆ ನನ್ನ ಬಾಗಿಲ ಬಳಿ ನಿಂತು, “ಎದಿ ಹೆಂಗೈತ್ರಿ ಅಳಿಯಂದ್ರೇ?” ಎಂದು ಕೇಳುವುದೊಂದೇ ಅವರ ಮಾತು. “ಇದೆ” ಎಂದು ಮಗ್ಗುಲಾಗುವುದೇ ನನ್ನ ಉತ್ತರ. ಕೆಟ್ಟವನೇ ನಾನು, ಒಪ್ಪಿಕೊಳ್ಳುತ್ತೇನೆ.

ತಿಂಗಳ ಮೇಲೆ ಕಾಡುಗೋಡಿಯ ಗ್ಯಾರೇಜಿಗೆ ಹೋದೆ. ಆಸ್ಪತ್ರೆಯಿಂದ ಕಾರನ್ನು ಅಲ್ಲಿಗೇ ಎಳೆಸಿದ್ದೆವು. ಮಾವನ ಅಪರಾಧವನ್ನು ತಜ್ಞರ ಬಾಯಿಂದ ಕೇಳುವ ಆಸೆ ನನಗೆ! ಮೆಕ್ಯಾನಿಕ್ ನಿರಾಸೆ ಮಾಡಲಿಲ್ಲ. ಎಣ್ಣೆ ಹಾಕುವ ಮುಚ್ಚಳ ತಿರುಗಿಸಿ ತೋರಿಸಿದ. ಅಡಿಯಲ್ಲಿ ಹಾಲು ಬೆರೆತ ಕಾಫಿಯ ಬಣ್ಣ. “ನೀರು ಇಂಜಿನ್ ಒಳಗೆ ನುಗ್ಗೈತೆ ಸಾರ್. ಹೆಡ್ ಬೆಂಡ್, ಪಿಸ್ಟನ್ ಹಿಡ್ಕೊಂಡೈತೆ. ಆಟ ಮುಗೀತು.” ರೇಡಿಯೇಟರಿನ ಅರ್ಧ ಕೊಳವೆಗಳಲ್ಲಿ ಅರಿಶಿನವೂ ಸುಣ್ಣವೂ ಸೇರಿ ಗಾರೆಯಾಗಿತ್ತು. ನೀರು ಓಡಾಡಲಾರದೆ ಕಾದು, ಕೆಳಗಿನ ರಬ್ಬರ್ ಪೈಪು ಸೀಳಿ ಸೋರತೊಡಗಿತ್ತು.

“ಕಣ್ಣು ಕಾಣದವರು ಓಡಿಸಿದರೆ ಇನ್ನೇನಾಗುತ್ತೆ,” ಎಂದೆ, ತೃಪ್ತಿಯಿಂದ. “ಮುಳ್ಳು ನೋಡಲೇ ಇಲ್ಲವಂತೆ.”

ಮೆಕ್ಯಾನಿಕ್ ನನ್ನನ್ನು ವಿಚಿತ್ರವಾಗಿ ನೋಡಿದ. “ಯಾರ್ ಸಾರ್ ಹೇಳಿದ್ದು ನೋಡಿಲ್ಲ ಅಂತ? ಇಲ್ ಬನ್ನಿ.” ಕಾರಿನೊಳಗೆ ಬಗ್ಗಿ ಒಂದು ಗುಂಡಿಯತ್ತ ಬೆರಳು ತೋರಿಸಿದ. “ಹೀಟರ್ ಫುಲ್ಲು. ಬೆಂಗಳೂರಲ್ಲಿ, ಏಪ್ರಿಲ್ ತಿಂಗಳಲ್ಲಿ, ಯಾರ್ ಹಾಕ್ತಾರೆ ಸಾರ್ ಹೀಟರ್ರು? ಇಂಜಿನ್ ಬಿಸಿ ಕೈಮೀರಿ ಹೋದಾಗ ಆ ಶಾಖನ ಒಳಕ್ಕೆ ಎಳ್ಕೊಳ್ಳೋಕೆ ಹಿಂಗ್ ಮಾಡ್ತಾರೆ. ಇನ್ನೊಂದ್ ನಾಕು ಕಿಲೋಮೀಟರ್ ಎಳೀಬೋದು. ಮುಳ್ಳು ಕೆಂಪಲ್ಲಿ ನಿಂತಿರೋದ್ನ ನೋಡಿದೋರೇ ಮಾಡೋ ಕೆಲ್ಸ ಇದು. ಇಂಜಿನ್ ಹೋಗ್ತದೆ ಅಂತ ಗೊತ್ತಿದ್ದೇ ಓಡ್ಸವ್ರೆ. ಯಾರ್ ಸಾರ್ ಓಡ್ಸಿದ್ದು?”

ಕೂದಲೆಳೆಯಷ್ಟು ಏರಿದರೆ ಅರ್ಧ ತಾಸು ನಿಲ್ಲಿಸುತ್ತಿದ್ದ ಮನುಷ್ಯ ಅವತ್ತು ಒಂದು ಕ್ಷಣವೂ ನಿಲ್ಲಿಸಿರಲಿಲ್ಲ. ಕೆಂಪು ಮುಳ್ಳನ್ನು ನೋಡುತ್ತಾ, ಹಿಂದೆ ಮಲಗಿದ್ದವನು ಹೆದರದಿರಲಿ ಎಂದು, ದಾರಿಯುದ್ದಕ್ಕೂ ಸುಳ್ಳು ಹೇಳಿದ್ದರು.

ಮನೆಗೆ ಬಂದಾಗ ಮಾವ ಪಾರ್ಕಿಂಗಿನಲ್ಲಿ, ನಮ್ಮ ಖಾಲಿ ಜಾಗದಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಅಕ್ಷರ ಸಣ್ಣದಿತ್ತು. ಕನ್ನಡಕ ಜೇಬಿನಲ್ಲಿತ್ತು.

“ಮಾವ, ಅವತ್ತು ಮುಳ್ಳು ಎಲ್ಲಿತ್ತು?”

ಅವರು ಪುಟ ತಿರುಗಿಸಿದರು. “ಹೇಳೀನಲ್ರಿ. ಕಾಣ್ಲಿಲ್ಲ.” ಆಮೇಲೆ ನನ್ನ ಮುಖ ನೋಡಿ ಗಾಬರಿಯಿಂದ ಎದ್ದರು. “ಯಾಕ್ರಿ? ಎದಿ ಹೆಂಗೈತ್ರಿ ಅಳಿಯಂದ್ರೇ?”

ಕೀಲಿಯನ್ನು ಅವರ ಅಂಗೈಯಲ್ಲಿಟ್ಟು, ಬೆರಳು ಮಡಿಸಿ, ಆ ಕೈ ಬಿಡದೆ ಹಿಡಿದುಕೊಂಡೆ.

“ಮುಳ್ಳು ನಡುಮಧ್ಯ ಐತಿ, ಮಾವ.”