ಅತ್ತೆಯ ಕಾದಂಬರಿಗೆ ಬೇಕಾದ ಜಗಳ

ಪ್ರೇಮ ಕಾದಂಬರಿ ಬರೆಯಲಿಕ್ಕೆಂದು ದಿನಾ ಜಗಳ ತೆಗೆಯುವ ಲೇಖಕಿ ಇಡೀ ನಾಶಿಕದಲ್ಲಿ ನಮ್ಮ ಅತ್ತೆ ಒಬ್ಬಳೇ. ಇನ್ನೊಬ್ಬರು ಇದ್ದರೆ ದಯವಿಟ್ಟು ಅವರ ಮನೆಯವರ ಪರಿಚಯ ಮಾಡಿಸಿ, ಜೊತೆಗೆ ಕೂತು ಅಳುತ್ತೇನೆ!

ಅತ್ತೆ ಎಂದರೆ ನಮ್ಮಪ್ಪನ ತಂಗಿ. ಮದುವೆಯಾಗಲಿಲ್ಲ. ಬ್ಯಾಂಕಿನ ವರ್ಗಾವಣೆಯಲ್ಲಿ ಧಾರವಾಡದಿಂದ ಇಲ್ಲಿಗೆ ಬಂದವಳು ನಿವೃತ್ತಿಯಾದ ಮೇಲೂ ಇಲ್ಲೇ ಉಳಿದಳು. ನೌಕರಿಗೆಂದು ಬಂದ ನಾನೂ ಅವಳ ಫ್ಲ್ಯಾಟಿನಲ್ಲೇ ಇದ್ದೇನೆ. ಕಾದಂಬರಿಯ ಕಥೆ ಇಷ್ಟೇ: ಮುಂಬೈಯ ಇಪ್ಪತ್ತೆರಡನೇ ಮಹಡಿ, ಎದುರುಬದುರು ಮನೆಯ ಹುಡುಗ ಹುಡುಗಿ. ಮೊದಲು ಹಾವು ಮುಂಗುಸಿ, ಆಮೇಲೆ ಪ್ರೇಮ.

"ಜಗಳ ಖರೇ ಅನಸಬೇಕವಾ. ಸುಳ್ಳ ಜಗಳ ಓದವ್ರಿಗೆ ಗೊತ್ತಾಗತದ," ಎಂದು ಅತ್ತೆ ನಮ್ಮ ಎದುರುಮನೆಯ ರಾಯರನ್ನು ಹಿಡಿದುಕೊಂಡಳು.

ರಾಯರು ತುಮಕೂರಿನ ಕಡೆಯವರು. ಓಝರ್ ಹತ್ತಿರದ ವಿಮಾನ ಕಾರ್ಖಾನೆಯಿಂದ ನಿವೃತ್ತರು. ಹೆಂಡತಿ ತೀರಿಕೊಂಡ ಮೇಲೆ ಒಬ್ಬರೇ. ಅವರ ಚಪ್ಪಲಿ ಒಂದು ಗೇಣು ನಮ್ಮ ಕಡೆ ಬಂದರೆ ಮುಗಿಯಿತು!

"ಏನ್ರೀ, ಚಪ್ಪಲಿ ಇಡೋ ಜಾಗಾ ಏನ್ರಿ ಇದು?"

"ನನ್ನ ಚಪ್ಪಲಿ ನಿಮ್ಮನ್ನ ಕಚ್ತೇನ್ರೀ?"

ತಕ್ಷಣ ಅತ್ತೆ ಒಳಗೆ ಓಡಿ, ಬಾಗಿಲು ಹಾಕಿ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳುವಳು. ಪಾಪ, ರಾಯರು ಉತ್ತರಕ್ಕೆ ಕಾಯುತ್ತಾ ಹೊರಗೆ ನಿಂತೇ ಇರುವರು. ಕ್ಷಮೆ ಕೇಳಲು ನಾನು ಹೋಗಬೇಕು.

ಇನ್ನು ಆ ನಾಯಕ! ಇಪ್ಪತ್ತೆಂಟರ ಕಟ್ಟುಮಸ್ತು ಹುಡುಗ ಲಿಫ್ಟಿನಲ್ಲಿ ನಾಯಕಿಯನ್ನು ನೋಡಿ, "ಮೊಣಕಾಲು ಹಿಡ್ಕೊಂಡಿದೆ ಕಣ್ರೀ, ಸ್ವಲ್ಪ ಸರ್ಕೊಳ್ಳಿ" ಅನ್ನುತ್ತಾನೆ.

"ಅತ್ಯಾ, ಈ ಹುಡುಗಗ ಮೊಣಕಾಲ ನೋವು ಯಾಕ?"

"ಎದುರಿನವ್ರಿಗೆ ಅದ ಅಲ್ಲಾ!"

ಹಣೆ ಚಚ್ಚಿಕೊಳ್ಳಬೇಕೋ ಬೇಡವೋ ನೀವೇ ಹೇಳಿ. ಮೂವತ್ತು ಅಧ್ಯಾಯ ಮುಗಿದರೂ ಪ್ರೇಮದ ಸುಳಿವಿಲ್ಲ. "ಜಗಳ ನಿಲ್ಲಸೋದು ಹ್ಯಾಂಗ ಅಂತ ತಿಳೀವಲ್ದವಾ," ಎಂದು ಒಂದು ದಿನ ಅತ್ತೆ ಪೆನ್ನು ಕೆಳಗಿಟ್ಟಳು.

ಸಂಕ್ರಾಂತಿ ಬಂತು. ರಾಯರು ಎಳ್ಳಿನ ಡಬ್ಬಿ ಹಿಡಿದು ಬಾಗಿಲಿಗೆ ಬಂದರು. ಎಳ್ಳು ಕೈಗೆ ತೆಗೆದುಕೊಂಡ ಮೇಲೆ ಜಗಳವಾಡುವಂತಿಲ್ಲ, ಒಳ್ಳೆಯ ಮಾತೇ ಆಡಬೇಕು. ಅತ್ತೆ ಅದನ್ನು ಮೀರುವವಳಲ್ಲ.

"ಬ್ಯಾಡ್ರಿ, ನನ್ನ ಕಾದಂಬರಿ ಇನ್ನೂ ಮುಗದಿಲ್ಲ," ಎಂದು ಬಾಗಿಲು ಹಾಕಿಯೇಬಿಟ್ಟಳು! ಇಂಥವಳಿಗೆ ಏನು ಹೇಳೋಣ?

ಮರುದಿನ ಎದುರುಮನೆಗೆ ಬೀಗ. ರಾಯರು ಸಂಭಾಜಿನಗರದ ಮಗಳ ಮನೆಗೆ ಖಾಯಮ್ಮಾಗಿ ಹೋದರೆಂದು ವಾಚ್‌ಮನ್ ಹೇಳಿದ. ಎಳ್ಳು ಕೊಟ್ಟು, ಹೋಗಿಬರುತ್ತೇನೆಂದು ಹೇಳಲು ಬಂದಿದ್ದರಂತೆ.

ಅತ್ತೆ ಆಮೇಲೆ ನೋಟ್‌ಬುಕ್ ಮುಟ್ಟಲಿಲ್ಲ. ನಾನು ಬೇಕೆಂದೇ ಚಪ್ಪಲಿಯನ್ನು ಬಾಗಿಲಿಗೆ ಅಡ್ಡ ಬಿಟ್ಟೆ. ಅವಳು ಬೈಯಲಿಲ್ಲ. ನನಗೆ ನಿಜಕ್ಕೂ ಹೆದರಿಕೆಯಾಯಿತು.

ಸಂಕ್ರಾಂತಿಯ ಎಳ್ಳನ್ನು ಈ ಕಡೆ ರಥಸಪ್ತಮಿಯವರೆಗೂ ಕೊಡುತ್ತಾರೆ. ರಥಸಪ್ತಮಿಯ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅತ್ತೆ ಎಳ್ಳುಂಡೆ ಕಟ್ಟಿ, ರೇಷ್ಮೆ ಸೀರೆಯುಟ್ಟು ನಿಂತಿದ್ದಳು.

"ಗಾಡಿ ತಗೀವಾ. ಇವತ್ತ ಕಡೀ ದಿನ."

ವಾಚ್‌ಮನ್ ಹತ್ತಿರ ವಿಳಾಸ ಎಂದೋ ಬರೆಸಿಕೊಂಡಿದ್ದಳು! ದಾರಿಯುದ್ದಕ್ಕೂ ಬಾಯಿಪಾಠ. "'ಹೇಳದ ಹೋಗೋದು ಎಲ್ಲಿ ಪದ್ಧತಿರಿ' ಅಂತ ಶುರು ಮಾಡಲೇನು?" ಹೇಳಲು ಬಂದವರ ಮುಖಕ್ಕೆ ಬಾಗಿಲು ಹಾಕಿದವಳು ಯಾರು, ಸ್ವಾಮಿ? ಗಂಗಾಪುರ ದಾಟುವ ಹೊತ್ತಿಗೆ ನನ್ನ ತಲೆ ಕೆಟ್ಟು ಗೊಬ್ಬರವಾಗಿತ್ತು.

ಸಂಭಾಜಿನಗರದ ಚಿಕಲಠಾಣಾದಲ್ಲಿ ಮಗಳ ಮನೆಯ ಬಾಗಿಲು ತೆಗೆದವರು ರಾಯರೇ. ಅತ್ತೆಯ ಬಾಯಿಪಾಠವೆಲ್ಲ ಎಲ್ಲಿ ಹೋಯಿತೋ! ಸುಮ್ಮನೆ ಡಬ್ಬಿ ಚಾಚಿದಳು. ರಾಯರು ಒಂದು ಉಂಡೆ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದರು.

"ಏನ್ರೀ ಇದು, ಕಲ್ಲು! ಇರೋ ಹಲ್ಲೂ ಹೋಗತ್ತೆ!"

ಶುರುವಾಯಿತು ಎಂದು ನಾನು ಕಣ್ಣು ಮುಚ್ಚಿಕೊಂಡೆ.

"ಹೌದ್ರಿ," ಎಂದಳು ಅತ್ತೆ. "ಪಾಕ ಬಿರುಸಾತು."

ನಾಲ್ಕು ವರ್ಷದ ಜಗಳದಲ್ಲಿ ಅವಳು ಅವರಿಗೆ ಹೇಳಿದ ಮೊದಲ 'ಹೌದು' ಅದು. ರಾಯರು ಮೊಣಕಾಲು ಹಿಡಿದುಕೊಂಡೇ ಬಗ್ಗಿ, ಅತ್ತೆ ಹೊಸ್ತಿಲಾಚೆ ಬಿಟ್ಟ ಚಪ್ಪಲಿಯನ್ನು ಕೈಯಾರೆ ಎತ್ತಿ ತಮ್ಮ ಚಪ್ಪಲಿಯ ಪಕ್ಕದಲ್ಲಿ ಇಟ್ಟರು. ನನಗೆ ಕಣ್ಣು ತುಂಬಿ ಬಂತು. ಅತ್ತೆ ಅದನ್ನು ಬರೆದುಕೊಳ್ಳಲಿಲ್ಲ. ಅಂದು ಅವಳು ನೋಟ್‌ಬುಕ್ಕನ್ನೇ ತಂದಿರಲಿಲ್ಲ.