ಎರಡನೇ ಸೀಸನ್ನಿನಲ್ಲಿ ನನ್ನ ಒಂದು ಮಾತು

ಐನಾಪುರದಲ್ಲಿ ದನಿ ಎಂದರೆ ನನ್ನದೇ ಎಂದು ನಾನು ಇಪ್ಪತ್ತು ವರ್ಷ ನಂಬಿದ್ದೆ. ಊರ ನಾಟಕದಲ್ಲಿ ರಾಜನ ಪಾತ್ರ ನನಗೇ ಮೀಸಲು. ಯಾರದೇ ಮದುವೆ ಇರಲಿ, ಮೈಕು ನನ್ನ ಕೈಗೆ ಬರುತ್ತಿತ್ತು. ಬಾರದಿದ್ದರೆ ನಾನೇ ಹೋಗಿ ಇಸಿದುಕೊಳ್ಳುತ್ತಿದ್ದೆ. ಹೀಗಾಗಿ ನಿಪ್ಪಾಣಿಯ ವೈಶಾಲಿ ತನ್ನ ಕಾರ್ಟೂನ್ ಧಾರಾವಾಹಿಗೆ ದನಿ ಹುಡುಕುತ್ತ ನಮ್ಮ ಮನೆಗೆ ಬಂದಾಗ ನನಗೆ ಆಶ್ಚರ್ಯವೇನೂ ಆಗಲಿಲ್ಲ. ಇಷ್ಟು ತಡವೇಕೆ ಎಂದಷ್ಟೇ ಅನಿಸಿತು.

ವೈಶಾಲಿ ನನ್ನ ಹೆಂಡತಿ ಕಸ್ತೂರಿಯ ಗೆಳತಿಯ ಮಗಳು. ಚಿತ್ರ ಬಿಡಿಸಿ, ಅವು ನಡೆದಾಡುವಂತೆ ಮಾಡುವ ವಿದ್ಯೆ ಕಲಿತವಳು. ಒಂದೇ ಬಚ್ಚಲಿರುವ ಮನೆಯಲ್ಲಿ ಹನ್ನೊಂದು ಮಂದಿ ಬೆಳಗಾದರೆ ಜಗಳಾಡುವ ನಗೆ ಧಾರಾವಾಹಿ ಅವಳದು. ಹೆಸರು ‘ಹನ್ನೊಂದ ಮಂದಿ, ಒಂದ ಬಚ್ಚಲ’. ಮೊದಲ ಸೀಸನ್ ಮೊಬೈಲಿನಿಂದ ಮೊಬೈಲಿಗೆ ಹಾರಿ ಅಥಣಿ, ರಾಯಬಾಗದ ತನಕ ಹೆಸರು ಮಾಡಿತ್ತು. ಎರಡನೆಯದಕ್ಕೆ ಹೊಸ ಪಾತ್ರಗಳು ಬೇಕಾಗಿದ್ದವು.

ನಾನು ಎದ್ದು ನಿಂತು, ಶಲ್ಯ ಸರಿಪಡಿಸಿಕೊಂಡು, ರಾಜನು ಸೇನಾಪತಿಯನ್ನು ಗದರಿಸುವ ಮಾತನ್ನು ಪೂರ್ತಿ ಹೇಳಿದೆ. ವೈಶಾಲಿ ವಿನಯದಿಂದ ಕೇಳಿದಳು. ಅಷ್ಟರಲ್ಲಿ ಹಿತ್ತಲಿನಲ್ಲಿ ನಮ್ಮ ಎಮ್ಮೆ ಒಣಹಾಕಿದ ಸೀರೆಗೆ ಬಾಯಿ ಹಾಕಿತು.

"ತಿನ್ನ ಬೇ, ತಿನ್ನ. ಅದರ ಜಂಪರೂ ಒಳಗ ಐತಿ, ತಂದ ಕೊಡ್ಲೇನ?" ಎಂದಳು ಕಸ್ತೂರಿ.

ವೈಶಾಲಿ ಚಹಾದ ಕಪ್ಪು ಕೆಳಗಿಟ್ಟು ಹಿತ್ತಲಿಗೆ ಓಡಿದಳು. ಹತ್ತು ನಿಮಿಷದಲ್ಲಿ ನನ್ನ ಹೆಂಡತಿ ಧಾರಾವಾಹಿಯ ಅಜ್ಜಿ ಚಂಗಾಬಾಯಿಯಾದಳು. ನಾನು ಪ್ರೇಕ್ಷಕನಾದೆ.

ವಾರಕ್ಕೊಂದು ಕಂತು ಬರತೊಡಗಿತು. ಮೂರನೇ ವಾರಕ್ಕೆ ನಮ್ಮ ದ್ರಾಕ್ಷಿ ತೋಟದ ಹೆಣ್ಣಾಳುಗಳು ಚಂಗಾಬಾಯಿಯ ಹಾಗೇ ಮಾತಾಡುತ್ತಿದ್ದರು. ಕುಡಚಿ ಸ್ಟೇಷನ್ನಿನಲ್ಲಿ ಒಂದು ಕುಟುಂಬ ಬರೀ ದನಿ ಕೇಳಿ ಕಸ್ತೂರಿಯ ಗುರುತು ಹಿಡಿಯಿತು. ನನ್ನ ಕೈಗೆ ಮೊಬೈಲು ಕೊಟ್ಟು, ಎಲ್ಲರೂ ಬರುವಂತೆ ಫೋಟೋ ತೆಗೆಯಲು ಹೇಳಿದರು. ತೆಗೆದೆ. ಕಸ್ತೂರಿಯ ತಲೆ ಅರ್ಧ ಮಾತ್ರ ಬಂದಿತ್ತು. ಅದು ಕೈತಪ್ಪಿ ಆದದ್ದು ಎಂದು ಇವತ್ತಿಗೂ ಹೇಳುತ್ತೇನೆ.

ಧಾರಾವಾಹಿಯಲ್ಲಿ ಚಂಗಾಬಾಯಿಯ ಗಂಡ ಸತ್ತುಹೋಗಿದ್ದಾನೆ. ಗೋಡೆಯ ಮೇಲೆ ಮಾಲೆ ಹಾಕಿದ ಫೋಟೋ, ಅಷ್ಟೇ ಅವನು. ಪಕ್ಕದ ಮನೆಯ ಬಾಬಾಸಾಹೇಬ ಒಂದು ಮುಂಜಾನೆ ನನ್ನನ್ನು ಕಂಡು, "ಏನ್ ಫೋಟೋ ಸಾಹೇಬ್ರ, ಚಾ ಆತೇನ್ರಿ?" ಎಂದು ಕೇಳಿದ. ಆವತ್ತು ನನಗೆ ಊಟ ಸೇರಲಿಲ್ಲ.

ವೈಶಾಲಿಗೆ ಫೋನು ಮಾಡಿ, ಆ ಫೋಟೋ ಮಾತಾಡಿದರೆ ಕಥೆಗೆ ತೂಕ ಬರುತ್ತದೆ ಎಂದು ಸಲಹೆ ಕೊಟ್ಟೆ. ಸತ್ತವರು ಮಾತಾಡಿದರೆ ಮಕ್ಕಳು ಹೆದರುತ್ತಾರೆ ಎಂದಳು. ಇನ್ನೂ ಮೂರು ಸಲ ಫೋನು ಮಾಡಿದ ಮೇಲೆ, ಮನೆಗೆ ಬರುವ ನೆಂಟನೊಬ್ಬನ ಒಂದೇ ಒಂದು ಮಾತು ಕೊಟ್ಟಳು: "ಬಚ್ಚಲ ಖಾಲಿ ಐತೇನ್ರಿ?"

ಒಂದು ವಾರ ಅಭ್ಯಾಸ ನಡೆಸಿದೆ. ಮೊಸರು ಬಿಟ್ಟೆ, ಶುಂಠಿ ಕಷಾಯ ಹಿಡಿದೆ. ತೋಟದಲ್ಲಿ ನಿಂತು ಆ ಮಾತನ್ನು ಎತ್ತರದ ದನಿಯಲ್ಲಿ ಮತ್ತೆ ಮತ್ತೆ ಹೇಳಿದೆ. ಆಚೆ ತೋಟದವನು ತುಂಬಿದ ಚೊಂಬು ಹಿಡಿದು ಓಡಿ ಬಂದ!

ನಿಪ್ಪಾಣಿಯಲ್ಲಿ, ಗೋಡೆಗೆಲ್ಲ ಗಾದಿ ಬಡಿದ ಸಣ್ಣ ಕೋಣೆಯಲ್ಲಿ ಮೈಕಿನ ಮುಂದೆ ನಿಂತೆ. ವೈಶಾಲಿ ಹದಿನಾಲ್ಕು ಸಲ ಹೇಳಿಸಿದಳು. "ಕಾಕಾ, ಆಂವಗ ಬಚ್ಚಲ ಬೇಕಾಗೇತ್ರಿ, ರಾಜ್ಯ ಅಲ್ಲ" ಎಂದಳು. ಕೊನೆಗೆ ಕಸ್ತೂರಿ ಒಳಗೆ ಬಂದು, ಹೊಟ್ಟೆ ಹಿಡಿದುಕೊಂಡು, ಅದೇ ಮಾತನ್ನು ಒಮ್ಮೆ ಹೇಳಿ ತೋರಿಸಿದಳು. ವೈಶಾಲಿ ಬಿದ್ದು ಬಿದ್ದು ನಕ್ಕಳು. ಆಮೇಲೆ ಇಬ್ಬರೂ ಚಹಾಕ್ಕೆ ಹೋದರು. ಒಬ್ಬನೇ ಉಳಿದ ನಾನು ಗೋಡೆಗೆ ಹೇಳಿಕೊಂಡೆ:

"ಇಪ್ಪತ್ತ ವರ್ಷ ಮೈಕ್ ಹಿಡದಾಂವ ನಾ. ಇಕಿ ಒಂದ ಎಮ್ಮಿಗೆ ಬೈದ ದೊಡ್ಡಾಕಿ ಆದ್ಲು. ನಾನೂ ಬೈತೇನಿ. ನಾ ಬೈದ್ರ ಎಮ್ಮಿ ಸೈತ ಹೊಳ್ಳಿ ನೋಡಂಗಿಲ್ಲ."

ಮೈಕು ಚಾಲೂ ಇತ್ತು.

ಎರಡು ದಿನ ಬಿಟ್ಟು ವೈಶಾಲಿ ಫೋನು ಮಾಡಿದಳು. ನೆಂಟನ ಮಾತು ಹೊಂದಲಿಲ್ಲ, ಬೇರೆ ಏನೋ ರೆಕಾರ್ಡ್ ಆಗಿದೆ, ಅದನ್ನು ಬಳಸಬಹುದೇ ಎಂದು ವಿವರಿಸುತ್ತಿದ್ದಳಂತೆ. ನನಗೆ ಕೇಳಿಸಿದ್ದು ‘ಬಳಸಬಹುದೇ’ ಎಂಬುದು ಮಾತ್ರ. ಧಾರಾಳವಾಗಿ ಬಳಸು ಎಂದೆ.

ಕಂತು ಬರುವ ಭಾನುವಾರ ಸಂಜೆ ಇಡೀ ಓಣಿಯನ್ನು ಪಡಸಾಲೆಗೆ ಕರೆದೆ. ಮೊಬೈಲನ್ನು ಟಿ.ವಿ.ಗೆ ಜೋಡಿಸಿ, ಚುರಮುರಿ, ಚಹಾ ಹಂಚಿದೆ. ನನ್ನ ಮಾತು ಬರುವಾಗ ಯಾರೂ ಕೆಮ್ಮಬಾರದೆಂದು ಸವಿನಯವಾಗಿ ವಿನಂತಿಸಿಕೊಂಡೆ. ಟಿ.ವಿ.ಯಲ್ಲಿ ನೆಂಟ ಬಂದ, ಬಚ್ಚಲು ಖಾಲಿ ಇದೆಯೇ ಎಂದು ಕೇಳಿದ. ದನಿ ಬೇರೆ ಯಾರದೋ! ನಾನು ಎದ್ದು ನಿಂತೆ. ಆಗ ಬಚ್ಚಲಿನ ಗೋಡೆಯ ಮೇಲೆ ಪುಕ್ಕ ಉದುರಿದ ಹುಂಜವೊಂದು ಹತ್ತಿತು. ಕೆಳಗೆ ಎಲ್ಲರೂ ಮೊಟ್ಟೆಯಿಟ್ಟ ಕೋಳಿಯನ್ನು ಹೊಗಳುತ್ತಿದ್ದರು. ಹುಂಜ ಕತ್ತು ತಿರುಗಿಸಿ, ನನ್ನ ದನಿಯಲ್ಲಿ, ಇಪ್ಪತ್ತು ವರ್ಷದ ಮೈಕಿನಿಂದ ಎಮ್ಮೆಯವರೆಗೆ ಒಂದಕ್ಷರ ಬಿಡದೆ ಹೇಳಿತು.

ಬಾಬಾಸಾಹೇಬನ ಬಾಯಿಂದ ಚುರಮುರಿ ಹಾರಿತು. ಓಣಿಯೆಲ್ಲ ನಕ್ಕಿತು. ಕಸ್ತೂರಿಯೊಬ್ಬಳು ನಗಲಿಲ್ಲ. ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ, "ಇಷ್ಟ ಹೊಟ್ಟಿಕಿಚ್ಚ ಇಟ್ಕೊಂಡಿದ್ರೇನ್ರಿ? ಹೇಳಿದ್ರ ನಾನ ಬಿಟ್ಟಬಿಡ್ತಿದ್ದೆ" ಎಂದಳು. ಮರುಕ್ಷಣವೇ ಅವಳು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು.

ಜನಕ್ಕೆ ಹುಂಜ ಬಹಳ ಹಿಡಿಸಿತು. ಮೂರನೇ ಸೀಸನ್ನಿನಲ್ಲಿ ಅದಕ್ಕೆ ಪ್ರತಿ ಕಂತಿನಲ್ಲೂ ಮಾತಿದೆ. ವೈಶಾಲಿ ಗೌರವದಿಂದ ನನ್ನನ್ನೇ ಮೊದಲು ಕರೆಸಿದಳು. ಬರೆದುಕೊಟ್ಟ ಮಾತನ್ನು ನಾನು ಇಡೀ ದಿನ ಹೇಳಿದೆ. ಒಂದೂ ಹುಂಜದ ಹಾಗೆ ಬರಲಿಲ್ಲ. ಕೊನೆಗೆ ಅಜ್ಜಿಯ ಜೊತೆಗೆ ಹುಂಜದ ದನಿಯನ್ನೂ ಈಗ ಕಸ್ತೂರಿಯೇ ಕೊಡುತ್ತಿದ್ದಾಳೆ. ಥೇಟ್ ನನ್ನ ಹಾಗೇ ಮಾಡುತ್ತಾಳೆ. ನನಗಿಂತ ಚೆನ್ನಾಗಿ.